ಡ್ರೈವರ್ ಇಲ್ಲದ ಕಾರು

"ಅಂಕಲ್, ಡ್ರೈವರ್ ಇಲ್ಲ. ಅದಕ್ಕೇ ಓಡ್ತಾ ಇಲ್ಲ."

2002ರ ಬೇಸಿಗೆಯಲ್ಲಿ ಗೋಣಿಕೊಪ್ಪದ ಕಂಪ್ಯೂಟರ್ ಅಂಗಡಿಯಿಂದ ಬಂದ ಹುಡುಗ ನಮ್ಮ ನಡುಮನೆಯಲ್ಲಿ ನಿಂತು ಹೀಗೆಂದಾಗ ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಡ್ರೈವರ್ ಇಲ್ಲದ ಸುದ್ದಿ ಗೋಣಿಕೊಪ್ಪದವರೆಗೂ ಹೋಯಿತೇ ಎಂದು ನನಗೆ ದಿಗಿಲು. ಕಾಫಿಯ ಬೆಲೆ ಬಿದ್ದು, ಹದಿನಾರು ವರ್ಷ ನಮ್ಮ ಜೀಪು ಓಡಿಸಿದವನನ್ನು ಆ ತಿಂಗಳೇ ಲೆಕ್ಕ ಮುಗಿಸಿ ಕಳಿಸಿದ್ದೆವು. ಕೈಗೆ ಅಂಟಿದ ಹಿಟ್ಟು ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಜೀಪು ಈಗ ಯಜಮಾನರೇ ಓಡಿಸ್ತಾರಪ್ಪಾ" ಅಂದೆ. ಹುಡುಗ ನಕ್ಕುಬಿಟ್ಟ. "ಆ ಡ್ರೈವರ್ ಅಲ್ಲ ಆಂಟಿ, ಕಾರ್ಡಿನ ಡ್ರೈವರ್" ಅಂದ. ನಮ್ಮನೆಯವರು ಮಾತ್ರ ನಗಲಿಲ್ಲ. ಕಂಪ್ಯೂಟರಿನ ಪರದೆಯನ್ನೇ ನೋಡುತ್ತಾ ಕುಳಿತಿದ್ದರು.

ಆ ವರ್ಷ ನಮ್ಮ ಮನೆಯಲ್ಲಿ ಇಬ್ಬರು ಡ್ರೈವರುಗಳೂ ಇಲ್ಲದಾದರು. ಮೊದಲನೆಯವನ ಬೆಲೆ ನನಗೆ ಅಂದೇ ಗೊತ್ತಿತ್ತು. ಎರಡನೆಯದರ ಬೆಲೆ ತಿಳಿಯುವುದಕ್ಕೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಬಾಳೆಲೆಯಂಥ ಊರಿನ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದೇ ಕಾಫಿಯ ಕೃಪೆಯಿಂದ. ಹಿಂದೆಲ್ಲ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಒಂದೊಂದಾಗಿ ಸಡಿಲಿ 1996ರಲ್ಲಿ ಪೂರ್ತಿ ಬಿಚ್ಚಿತು. ನಡುವೆ 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ಅವರ ಕಣ್ಣೀರು ನಮಗೆ ಪನ್ನೀರಾಯಿತು ಎಂದರೆ ಪಾಪ ಬರುತ್ತದೆ, ಆದರೆ ನಡೆದದ್ದು ಅದೇ. ಕೊಡಗಿನಲ್ಲಿ ಕೆಲವರ ಮನೆಗೆ ಕಾರು ಬಂತು, ಕೆಲವರ ಮನೆಗೆ ಹೊಸ ಹೆಂಚು ಬಂತು. ನಮ್ಮ ಮನೆಗೆ 1998ರಲ್ಲಿ ಕಂಪ್ಯೂಟರ್ ಬಂತು.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಗ ಅಪ್ಪನನ್ನು ಕರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ. ಸಾದರ ಪತ್ರಪ್ಪ ರಸ್ತೆ ಎಂಬ ಅದರ ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. ಅಲ್ಲಿ ತರಕಾರಿ ಆರಿಸುವ ಹಾಗೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಭಾಗ ಆರಿಸಿ ಜೋಡಿಸಿಕೊಂಡು ಬಂದರು. ಪಟ್ಟಿಯಲ್ಲಿ ಇಲ್ಲದ ಒಂದು ಸಾಮಾನೂ ಬಂದಿತ್ತು. ಅದರ ಹೆಸರು 'ವೂಡೂ'. ಕೇಳಿದರೆ ಮಾಟಮಂತ್ರದ ಹೆಸರಂತೆ! ಅದಿಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ ಎಂದು ತಿಳಿದ ಮೇಲೆ ನಾನು ಸುಮ್ಮನಿರುವುದುಂಟೇ? "ಈ ದುಡ್ಡಿಗೆ ಹೊಸ ಗ್ರೈಂಡರ್ ಬರ್ತಿತ್ತು" ಎಂದು ಒಂದು ವಾರ ಹೇಳಿದೆ. ನಮ್ಮನೆಯವರು ಉತ್ತರ ಕೊಡಲಿಲ್ಲ. ಮಳೆಗಾಲ ಬಂದ ಮೇಲೆ ಕೊಟ್ಟರು.

ನಮ್ಮ ಮಳೆಗಾಲ ನಿಮಗೆ ಗೊತ್ತಿರಬಹುದು. ಲಕ್ಷ್ಮಣತೀರ್ಥ ಹೊಳೆ ಉಕ್ಕಿ ಗದ್ದೆ ಬಯಲು ಒಂದಾದರೆ ಗಂಡಸರಿಗೆ ಮನೆಯೇ ಗತಿ. ಐವತ್ತು ದಾಟಿದ ನಮ್ಮನೆಯವರು ಸಂಜೆ ಕಾಫಿ ಕುಡಿದು ಕಂಪ್ಯೂಟರಿನ ಮುಂದೆ ಕುಳಿತರೆಂದರೆ, ಪೆಟ್ಟಿಗೆಯೊಳಗೆ 'ಟಕ್' ಎಂದು ಸದ್ದು. ಮಾಮೂಲಿ ಚಿತ್ರ ಬರೆಯುವ ಕಾರ್ಡು ಬಿಟ್ಟುಕೊಟ್ಟು ವೂಡೂ ಕಾರ್ಡು ಪರದೆಯನ್ನು ವಹಿಸಿಕೊಳ್ಳುವ ಸದ್ದು ಅದು. ಮರುಕ್ಷಣ ಹಿಮದ ಬೆಟ್ಟ, ತಿರುವು, ಕೆಂಪು ಕಾರು. ಆಟದ ಹೆಸರು 'ನೀಡ್ ಫಾರ್ ಸ್ಪೀಡ್ 2, ಸ್ಪೆಷಲ್ ಎಡಿಷನ್'. 1997ರದು. ಅದರಲ್ಲಿ 'ಮಿಸ್ಟಿಕ್ ಪೀಕ್ಸ್' ಎಂಬ ಒಂದು ದಾರಿ ನೇಪಾಳದ್ದು. ಇವರು ಬೇರೆ ದಾರಿಗೆ ಹೋದವರೇ ಅಲ್ಲ.

"ಬಾರೇ, ನೇಪಾಳ ನೋಡು ಬಾ" ಎಂದು ಕರೆಯುತ್ತಿದ್ದರು.

"ಪಶುಪತಿನಾಥನ ದರ್ಶನ ಮಾಡಿಸ್ತೀನಿ ಅಂದ್ರಲ್ಲ, ಅಲ್ಲಿಗೇ ಹೋಗಿ ನೋಡ್ತೀನಿ" ಎನ್ನುತ್ತಿದ್ದೆ ನಾನು. ಕೈಯಲ್ಲಿ ಸೌಟು ಇರುತ್ತಿತ್ತು. ಒಂದು ದಿನವೂ ಪಕ್ಕದಲ್ಲಿ ಕೂರಲಿಲ್ಲ.

2001ರ ಮೇ ತಿಂಗಳ ಒಂದು ಸಿಡಿಲಿಗೆ ಟೆಲಿಫೋನ್ ತಂತಿಯ ಮೂಲಕ ಮೋಡೆಮ್ ಸುಟ್ಟಿತು, ಜೊತೆಗೆ ಕಂಪ್ಯೂಟರಿನ ಮದರ್‌ಬೋರ್ಡೂ ಹೋಯಿತು. ದುಡ್ಡಿನ ಮುಗ್ಗಟ್ಟಿನಲ್ಲಿ ಒಂದು ವರ್ಷ ಹಾಗೇ ಬಿದ್ದಿತ್ತು. ರಿಪೇರಿ ಮಾಡಿದ ಹುಡುಗ ಹೊಸ ಬೋರ್ಡು ಕೂರಿಸಿ ಆಗಷ್ಟೇ ಬಂದಿದ್ದ ವಿಂಡೋಸ್ ಎಕ್ಸ್‌ಪಿ ಹಾಕಿದ. ಹಳೆಯ ಕಡತಗಳನ್ನೆಲ್ಲ ಮಗ ಮೊದಲೇ ಒಂದು ಸಿಡಿಗೆ ಇಳಿಸಿಟ್ಟಿದ್ದ. ವೂಡೂ ಕಾರ್ಡು ಸುಟ್ಟಿರಲಿಲ್ಲ. ಆದರೆ ಎಕ್ಸ್‌ಪಿಗೆ ಆ ಕಾರ್ಡಿನ ಭಾಷೆ ಬರುತ್ತಿರಲಿಲ್ಲ.

ಭಾಷೆ ಎಂದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹುಣಸೂರು ಕಡೆಯವಳು. 1974ರಲ್ಲಿ ಸೊಸೆಯಾಗಿ ಬಾಳೆಲೆಗೆ ಬಂದಾಗ ನೆರೆಹೊರೆಯ ಕೊಡವ ತಕ್ಕ್ ನನಗೆ ತಿಳಿಯದು. ತೋಟದಲ್ಲಿ ಕೆಲಸ ಮಾಡುವ ಎರವರ ಮಾತಂತೂ ಇನ್ನೂ ದೂರ. ನಡುವೆ ನಮ್ಮತ್ತೆ ನಿಂತಿದ್ದರು. ನಾನು ಹೇಳಿದ್ದನ್ನು ಅವರಿಗೆ ತಿಳಿಯುವಂತೆ, ಅವರು ಹೇಳಿದ್ದನ್ನು ನನಗೆ ತಿಳಿಯುವಂತೆ ಮಾಡುತ್ತಿದ್ದವರು ಅವರೇ. ಡ್ರೈವರ್ ಎಂದರೆ ಇಷ್ಟೇ ನೋಡಿ. ಕಂಪ್ಯೂಟರಿಗೂ ಕಾರ್ಡಿಗೂ ನಡುವೆ ನಿಂತ ಅತ್ತೆ. ಆ ತಂತ್ರಾಂಶ ಇಲ್ಲದಿದ್ದರೆ ಎರಡು ಕಡೆಯವರೂ ಗಟ್ಟಿಮುಟ್ಟಾಗಿದ್ದರೂ ಕೆಲಸ ಸಾಗುವುದಿಲ್ಲ.

ವೂಡೂ ಕಾರ್ಡಿಗೆ ತನ್ನದೇ ಒಂದು ಭಾಷೆ ಇತ್ತು, ಹೆಸರು 'ಗ್ಲೈಡ್'. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ತ್ರೀಡಿಎಫ್‌ಎಕ್ಸ್ ಎಂಬ ಕಂಪನಿ 1996ರಲ್ಲಿ ಮೊದಲ ವೂಡೂ ತಂದಿತು. ಬೆಟ್ಟ, ಮಂಜು, ನೆರಳುಗಳನ್ನು ಅಷ್ಟು ನುಣುಪಾಗಿ ಬರೆಯುವ ಕಾರ್ಡು ಮನೆಬಳಕೆಗೆ ಆಗ ಅಪರೂಪ. ಆಟ ಬರೆಯುವವರೆಲ್ಲ ಗ್ಲೈಡ್ ಕಲಿತರು. ನಮ್ಮನೆಯವರ ಆಟವಂತೂ ಬೇರೆ ಯಾವ ಕಾರ್ಡಿನ ಸಹಾಯವನ್ನೂ ಕೇಳದು. ವೂಡೂ ಇದ್ದರೆ ನುಣುಪು ಚಿತ್ರ, ಇಲ್ಲದಿದ್ದರೆ ಕಂಪ್ಯೂಟರ್ ತಾನೇ ಏದುಸಿರು ಬಿಡುತ್ತಾ ಬರೆದ ಒರಟು ಚಿತ್ರ.

ಏರಿದಷ್ಟೇ ಬೇಗ ಆ ಕಂಪನಿ ಇಳಿಯಿತು. ಮೊದಲು ಚಿಪ್ ಮಾತ್ರ ಮಾಡಿ ಬೇರೆಯವರಿಗೆ ಮಾರುತ್ತಿದ್ದವರು, ಎಸ್‌ಟಿಬಿ ಎಂಬ ಕಾರ್ಡು ತಯಾರಕರನ್ನು ಕೊಂಡು ಕಾರ್ಡನ್ನೂ ತಾವೇ ಮಾಡಹೊರಟರು. ನಿನ್ನೆಯ ಗಿರಾಕಿಗಳೇ ಇಂದು ಎದುರಾಳಿಗಳಾದರು. ಅಷ್ಟರಲ್ಲಿ ಎಲ್ಲ ಕಾರ್ಡುಗಳಿಗೂ ಹೊಂದುವ ಮೈಕ್ರೋಸಾಫ್ಟಿನ 'ಡೈರೆಕ್ಟ್ ತ್ರೀಡಿ' ಎಂಬ ಭಾಷೆ ಬಲಿತಿತ್ತು. 2000ದ ಡಿಸೆಂಬರಿನಲ್ಲಿ ತ್ರೀಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಪ್ರತಿಸ್ಪರ್ಧಿ ಎನ್‌ವಿಡಿಯಾಗೆ ಮಾರುವುದಾಗಿ ಸಾರಿತು. 2002ರಲ್ಲಿ ದಿವಾಳಿ ಅರ್ಜಿ ಹಾಕಿತು. ಹುಡುಗ ನಮ್ಮ ನಡುಮನೆಯಲ್ಲಿ ನಿಂತು "ಡ್ರೈವರ್ ಇಲ್ಲ" ಎಂದ ವರ್ಷವೇ ಅದು. ಹೊಸ ವಿಂಡೋಸಿಗೆ ಆ ಹಳೆಯ ಕಾರ್ಡಿನ ಡ್ರೈವರ್ ಬರೆದುಕೊಡಲು ಕಂಪನಿಯೇ ಉಳಿದಿರಲಿಲ್ಲ.

ಹುಡುಗ ಆಟವನ್ನು ಒರಟು ಚಿತ್ರದಲ್ಲಿ ಓಡಿಸಿ ತೋರಿಸಿದ. ನಮ್ಮನೆಯವರು ಎರಡು ತಿರುವು ಓಡಿಸಿ, "ಇದು ನೇಪಾಳ ಅಲ್ಲ" ಎಂದು ಎದ್ದರು. ಮತ್ತೆ ಆಡಲಿಲ್ಲ. ಕಾಫಿ ಬೆಲೆ ಚೇತರಿಸಿಕೊಳ್ಳುವ ಹೊತ್ತಿಗೆ ಅವರಿಗೆ ಮಂಡಿನೋವು ಬಂದಿತ್ತು. ನಿಜವಾದ ನೇಪಾಳಕ್ಕೂ ಹೋಗಲಾಗಲಿಲ್ಲ. 2011ರಲ್ಲಿ ಅವರು ತೀರಿಕೊಂಡರು.

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಬೀರುವಿನಲ್ಲಿ ಆ ಸಿಡಿ ಕಂಡಳು. "ತಾತ ಗೇಮ್ ಆಡ್ತಿದ್ರಾ ಅಜ್ಜೀ!" ಎಂದು ಕಣ್ಣರಳಿಸಿದಳು. ಆಟ ಎಬ್ಬಿಸದೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ನಾನೂ ಹೂಂ ಅಂದೆ. ಅವಳ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಹೊರಗಿನಿಂದ ಚುಚ್ಚುವ ಡ್ರೈವ್ ತರಿಸಿದೆವು.

ಅಂಗಡಿಯ ಮೂಲ ಸಿಡಿ ಹಾಕಿದರೆ ಆಟ ಒಳಗೆ ಬರಲೇ ಒಪ್ಪಲಿಲ್ಲ. ಆ ಕಾಲದ ಆಟಗಳನ್ನು ಕಂಪ್ಯೂಟರಿಗೆ ಇಳಿಸುವ ಪುಟ್ಟ ತಂತ್ರಾಂಶ ಹಲವು ಸಲ 16 ಬಿಟ್‌ನದು. ಈಗಿನ 64 ಬಿಟ್ ವಿಂಡೋಸ್ ಅದನ್ನು ಓಡಿಸುವುದೇ ಇಲ್ಲ. ಮಗ ಇಳಿಸಿಟ್ಟ ಸಿಡಿ ಆಗ ಕೈಹಿಡಿಯಿತು. ಅದರಲ್ಲಿದ್ದ ಇಡೀ ಫೋಲ್ಡರನ್ನು ಹಾಗೇ ಲ್ಯಾಪ್‌ಟಾಪಿಗೆ ಎತ್ತಿ ಹಾಕಿದಳು. ಓಡಿಸಿದರೆ ಪರದೆ ಕಪ್ಪಾಗಿ, ಕಣ್ಣುಮಿಟುಕಿಸಿ, ಮುಚ್ಚಿಕೊಂಡಿತು.

"ಡ್ರೈವರ್ ಅಪ್‌ಡೇಟ್ ಮಾಡ್ತೀನಿ" ಎಂದಳು. ಎಲ್ಲರೂ ಮೊದಲು ಮಾಡುವುದು ಅದನ್ನೇ. ಹೊಸ ಡ್ರೈವರ್ ಬಂತು, ಪರದೆ ಮತ್ತೆ ಕಪ್ಪು. ಲ್ಯಾಪ್‌ಟಾಪಿನ ಕಾರ್ಡಿನಲ್ಲಾಗಲಿ ಅದರ ಡ್ರೈವರಿನಲ್ಲಾಗಲಿ ದೋಷವಿರಲಿಲ್ಲ. ಆಟ ಕೇಳುತ್ತಿದ್ದುದು ಗ್ಲೈಡ್ ಬಲ್ಲವರನ್ನು. ಎಷ್ಟು ಹೊಸಬರನ್ನು ತಂದು ನಿಲ್ಲಿಸಿದರೂ ಹಳೆಯ ಮಾತು ಅವರಿಗೆ ಬಾರದು. ಆಮೇಲೆ ಆಟದ ಗುರುತಿನ ಮೇಲೆ ಬಲಗಡೆ ಒತ್ತಿ, 'ಕಂಪ್ಯಾಟಿಬಿಲಿಟಿ' ಎಂಬಲ್ಲಿ ಹಳೆಯ ವಿಂಡೋಸ್ ಆರಿಸಿದಳು. ಒರಟು ಚಿತ್ರ ಬಂತು. "ಇದು ನೇಪಾಳ ಅಲ್ಲ" ಎಂದೆ ನಾನು. ನನ್ನ ಬಾಯಲ್ಲಿ ಆ ಮಾತು ಹೇಗೆ ಬಂತೋ!

ಕೊನೆಗೆ ದಾರಿ ಕಾಣಿಸಿದ್ದು 'ರ‍್ಯಾಪರ್' ಎಂಬ ಉಪಾಯದಿಂದ. ಆಟ ಗ್ಲೈಡ್‌ನಲ್ಲಿ ಹೇಳಿದ್ದನ್ನು ಹಿಡಿದು ಈಗಿನ ಕಾರ್ಡಿಗೆ ತಿಳಿಯುವ ಭಾಷೆಗೆ ತಿರುಗಿಸಿಕೊಡುವ ಪುಟ್ಟ ತಂತ್ರಾಂಶ ಅದು. ಆಟ ಮಾತ್ರ ತಾನು ವೂಡೂ ಜೊತೆಗೇ ಮಾತಾಡುತ್ತಿದ್ದೇನೆಂದು ನಂಬಿಕೊಂಡಿರುತ್ತದೆ. ಪೋಲೆಂಡಿನಲ್ಲಿ ಬರೆದ 'ಎನ್‌ಗ್ಲೈಡ್' ಎಂಬುದೊಂದಿದೆ, ಹಂಗೇರಿಯವರೊಬ್ಬರು ಬರೆದ 'ಡಿಜಿವೂಡೂ' ಎಂಬುದೊಂದಿದೆ. ಎರಡನ್ನೂ ಪುಕ್ಕಟೆ ಕೊಡುತ್ತಾರೆ.

ಇದರ ಹಿಂದೆ ಒಂದು ಕಥೆಯಿದೆ. ತ್ರೀಡಿಎಫ್‌ಎಕ್ಸ್ ಬದುಕಿದ್ದಾಗಲೇ ಕೆಲವರು ಇಂಥ ರ‍್ಯಾಪರ್ ಬರೆದಿದ್ದರು. ನಮ್ಮ ಭಾಷೆಯನ್ನು ಬೇರೆಯವರ ಕಾರ್ಡಿಗೆ ಕಲಿಸುತ್ತೀರಾ ಎಂದು 1999ರಲ್ಲಿ ಕಂಪನಿ ಅವರ ಮೇಲೆ ಕಾನೂನಿನ ಕೋಲು ಎತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮನಸ್ಸು ಬದಲಾಯಿಸಿ ಗ್ಲೈಡಿನ ಮೂಲ ಬರಹವನ್ನು ಎಲ್ಲರ ಮುಂದೆ ತೆರೆದಿಟ್ಟಿತು. ಇನ್ನೊಂದು ವರ್ಷಕ್ಕೆ ಕಂಪನಿ ಇಲ್ಲ, ಭಾಷೆ ಉಳಿಯಿತು. ತಾನು ಓಡಿಸಿದಂಥವರೇ ಇಂದು ಅದರ ಹೆಸರು ಉಳಿಸಿದ್ದಾರೆ. ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ವೂಡೂ ವೇಷ ಹಾಕಿ ಕುಣಿದ ಕಾರ್ಡು ಯಾವುದು ಗೊತ್ತೇ? ಎನ್‌ವಿಡಿಯಾ!

ಮಾಡಿದ್ದನ್ನೆಲ್ಲ ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಸಿಡಿಯೊಂದು ಇದ್ದೀತು. ಮೊದಲು ಅದರಲ್ಲಿರುವುದನ್ನು ಇನ್ನೊಂದು ಕಡೆ ಇಳಿಸಿಡಿ, ಸಿಡಿಗೂ ಆಯುಸ್ಸುಂಟು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹುಳಿಗೆ ಉಪ್ಪು, ಹುಣಸೆ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದು ಹೇಗೆ? ರ‍್ಯಾಪರನ್ನು ಬರೆದವರ ಕೈಯಿಂದಲೇ ಪಡೆಯಿರಿ, ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಂಡರೆ ವೈರಸ್ಸೂ ಜೊತೆಗೆ ಬಂದೀತು.

'ಟಕ್' ಎಂಬ ಸದ್ದು ಬರಲಿಲ್ಲ. ಆದರೆ ಬೆಟ್ಟ ಬಂತು, ಹಿಮ ಬಂತು. ಮೊದಲ ಸಲ ನಾನು ಪಕ್ಕದಲ್ಲಿ ಕುಳಿತಿದ್ದೆ.

ದಾಖಲೆಗಳ ಪಟ್ಟಿ ತೆರೆದ ಮೊಮ್ಮಗಳು, "ಅಜ್ಜೀ, ಇದ್ಯಾರು?" ಎಂದಳು. ನೇಪಾಳದ ದಾರಿಯ ಮೊದಲ ಸ್ಥಾನದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಬಾಳೆಲೆ' ಎಂದಿತ್ತು. ಇವರು ತಮ್ಮ ಹೆಸರು ಹಾಕಿರಲಿಲ್ಲ, ಊರಿನ ಹೆಸರು ಹಾಕಿದ್ದರು. ಮಗ ಅಂದು ಇಳಿಸಿಟ್ಟ ಫೋಲ್ಡರಿನಲ್ಲಿ ಅದೂ ಉಳಿದು ಬಂದಿತ್ತು. ಸೆರಗು ಕಣ್ಣಿಗೆ ಹೋಗುವ ಮೊದಲು, "ತಡಿ, ಆಡಬೇಡ. ಇದನ್ನ ಮೊದಲು ಇನ್ನೊಂದು ಕಡೆ ಇಳಿಸು" ಎಂದೆ. ಇಳಿಸಿದಳು.

ನಾಲ್ಕು ದಿನ ಆಡಿದಳು. ನಾಲ್ಕನೆಯ ದಿನ ಸಂಜೆ ತಾತನನ್ನು ಹಿಂದೆ ಹಾಕಿದಳು. 'ಬಾಳೆಲೆ' ಒಂದು ಸಾಲು ಕೆಳಗಿಳಿಯಿತು. ಮಗು ಹೆದರಿದಂತೆ ನನ್ನ ಮುಖ ನೋಡಿ, "ಹಳೇದನ್ನೇ ವಾಪಸ್ ಹಾಕ್ಲಾ ಅಜ್ಜಿ?" ಎಂದಳು.

"ಬೇಡ. ಅವರಿದ್ದಿದ್ರೆ ಇವತ್ತು ರಾತ್ರಿ ಊಟ ಬಿಟ್ಟು ಕೂತು ನಿನ್ನನ್ನ ಸೋಲಿಸ್ತಿದ್ರು" ಎಂದೆ.

"ಈಗ ನೀನು ಓಡ್ಸು" ಎಂದು ಎದ್ದು ಜಾಗ ಕೊಟ್ಟಳು. ಕೂತೆ. ಯಾವ ಗುಂಡಿ ಒತ್ತಿದರೆ ಏನೆಂದು ತೋರಿಸಿದಳು. ಕಾರು ಮೊದಲ ತಿರುವಿನಲ್ಲೇ ಬೇಲಿಗೆ ಗುದ್ದಿ, ತಿರುಗಿ, ಬಂದ ದಾರಿಯಲ್ಲೇ ಹೊರಟಿತು. "ಅಜ್ಜೀ, ಉಲ್ಟಾ ಹೋಗ್ತಿದೀಯಾ!" ಎಂದು ಅವಳು ಬಿದ್ದು ಬಿದ್ದು ನಕ್ಕಳು. ಹೋಗಲಿ ಬಿಡು ಎಂದೆ. ಗೆಲ್ಲುವ ಅವಸರ ನನಗಿರಲಿಲ್ಲ. ಎರಡು ಕಡೆಯ ಬೆಟ್ಟಗಳನ್ನೂ ನಿಧಾನವಾಗಿ ನೋಡಿಕೊಂಡು ಹೋದೆ.