ಉದ್ರಿ ಪುಸ್ತಕದಲ್ಲಿ ಒಂದು ಟ್ರ್ಯಾಕ್ಟರ್

ಕೊಲ್ಲಾಪುರ ಬಿಟ್ಟು ಪಂಚಗಂಗೆಯ ಸೇತುವೆ ದಾಟಿದರೆ ಶಿರೋಳಿ. ಇಲ್ಲಿನವರು ಪುಲಾಚಿ ಶಿರೋಳಿ ಅನ್ನುತ್ತಾರೆ, ಅಂದರೆ ಸೇತುವೆಯ ಶಿರೋಳಿ. ಪುಣೆ-ಬೆಂಗಳೂರು ಹೆದ್ದಾರಿಯ ಲಾರಿಯವರನ್ನು ನಂಬಿ ನನ್ನ ಉಪ್ಪ ಬಂಟ್ವಾಳದ ಕಡೆಯಿಂದ ಬಂದು ಇಲ್ಲಿ ಅಂಗಡಿ ಹಾಕಿದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದೆ. ಮನೆಯಲ್ಲಿ ಬ್ಯಾರಿ, ಗಲ್ಲಾದಲ್ಲಿ ಮರಾಠಿ, ಉಪ್ಪನ ಉದ್ರಿ ಪುಸ್ತಕದಲ್ಲಿ ಕನ್ನಡ.

2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿತು. ರಾಜಾರಾಮ್ ಬಂಧಾರದಲ್ಲಿ ಅಪಾಯದ ಮಟ್ಟ 43 ಅಡಿ, ಆ ಸಲ ನೀರು 55 ಅಡಿ ದಾಟಿತು. ಹೆದ್ದಾರಿ ದಿನಗಟ್ಟಲೆ ಬಂದ್, ಲಾರಿಗಳ ಸಾಲು ಮೈಲುಗಟ್ಟಲೆ. ಪಕ್ಕದ ಹಳ್ಳಿಯ ಒಬ್ಬ ವೃದ್ಧ ರೈತರ ಹಳೆಯ ಮ್ಯಾಸಿ 1035 ಟ್ರ್ಯಾಕ್ಟರ್ ಕೂಡ ನೀರಲ್ಲಿ ನಿಂತಿತ್ತು. ಆಯಿಲ್ ಬದಲಿಸಿ ಓಡಿಸಿದರು, ಓಡಿತು. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಆಯಿಲ್ ಮೀಟರಿನ ಮುಳ್ಳು ಬೀಳಲು ಶುರುವಾಯಿತು. ಒಂದು ಗ್ಯಾರೇಜಿನವರು ಕ್ರ್ಯಾಂಕ್ ಹೋಗಿದೆ, ಗುಜರಿಗೆ ಹಾಕಿ ಅಂದರು. ಎಲ್ಲರೂ ತಪ್ಪನ್ನು ಪ್ರವಾಹದ ತಲೆಗೆ ಕಟ್ಟಿದರು. ಉಪ್ಪ ನನ್ನನ್ನು ತೋರಿಸಿ, "ಇವ ಕಲಿತವ, ನೋಡುತ್ತಾನೆ" ಅಂದರು.

ಅದು ಪರ್ಕಿನ್ಸ್ ವಂಶದ ಮೂರು ಸಿಲಿಂಡರಿನ ಎಂಜಿನ್. ಎ3.152 ಎಂಬ ಹೆಸರಿನ 152 ಅಂದರೆ ಘನ ಇಂಚುಗಳಲ್ಲಿ ಅದರ ಗಾತ್ರ, ಸುಮಾರು ಎರಡೂವರೆ ಲೀಟರು. ಬಿಸಿಯಾಗಿ ಪೂರ್ಣ ವೇಗದಲ್ಲಿ ಓಡುವಾಗ ಚದರ ಇಂಚಿಗೆ 30ರಿಂದ 60 ಪೌಂಡು ಒತ್ತಡ ಇರಬೇಕು. ನಾನು ಮಾಡಿದ್ದೇನು? ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ಒಂದು ವಾಶರ್ ಇಟ್ಟೆ. ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದಾಗ ಮುಳ್ಳು ಮೇಲೆ ಹೋಯಿತು. ಕೆಲಸ ಮುಗಿಯಿತು ಅಂದುಕೊಂಡೆ. ಹತ್ತು ದಿನದೊಳಗೆ ಉಳುಮೆಯ ಮಧ್ಯೆ ಎಂಜಿನ್ ಕಟಕಟ ಅನ್ನತೊಡಗಿತು.

ಉಪ್ಪ ಬಯ್ಯಲಿಲ್ಲ. ಉದ್ರಿ ಪುಸ್ತಕ ತೆಗೆದು ಹೊಸ ಪುಟದ ಮೇಲೆ ನನ್ನ ಹೆಸರು ಬರೆದರು. ರಿಪೇರಿಯ ಖರ್ಚೆಲ್ಲ ಅದರಲ್ಲಿ.

ಆಗ ಉದ್ಯಮನಗರದ ಒಬ್ಬ ಮುದಿ ಫಿಟ್ಟರನ್ನು ಕರೆತಂದೆ. ಅಂಥವರು ಕೊಲ್ಲಾಪುರದಲ್ಲಿ ಯಾಕೆ ಸಿಗುತ್ತಾರೆ ಅನ್ನುವುದಕ್ಕೆ ಒಂದು ಚರಿತ್ರೆ ಇದೆ. ಶಾಹು ಮಹಾರಾಜರ ಕಾಲದಲ್ಲಿ ರಾಧಾನಗರಿ ಅಣೆಕಟ್ಟಿನ ಕೆಲಸ ಶುರುವಾಯಿತು. ಕಬ್ಬು ಹೆಚ್ಚಿತು, ನದಿಯ ನೀರು ಎತ್ತಲು ಆಯಿಲ್ ಎಂಜಿನ್ ಬೇಕಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ದು ಇಲ್ಲಿಂದ ದೂರವಲ್ಲ. ಕೊಲ್ಲಾಪುರದ ಮೇಸ್ತ್ರಿಗಳೂ ಎಂಜಿನ್ ಬಿಚ್ಚಿ, ಎರಕ ಹೊಯ್ದು, ತಾವೇ ಮಾಡಲು ಕಲಿತರು. ಶಿವಾಜಿ ಉದ್ಯಮನಗರ ಬೆಳೆಯಿತು, ಆಮೇಲೆ ನಮ್ಮ ಶಿರೋಳಿಯ ಫೌಂಡ್ರಿಗಳು ಬಂದವು. ಆ ಕಾಲದ ಎಷ್ಟೋ ಎಂಜಿನ್ನುಗಳಿಗೆ ಒತ್ತಡದ ಮೀಟರೇ ಇರಲಿಲ್ಲ. ಗಾಜಿನ ಬುರುಡೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕಿವಿ, ಕೈ, ಮೂಗು ಇವೇ ಮೀಟರು.

ಆ ಅಜ್ಜ ಸ್ಪ್ಯಾನರ್ ಮುಟ್ಟಲೇ ಇಲ್ಲ. ಡಿಪ್‌ಸ್ಟಿಕ್ ಎಳೆದು ಮೂಸಿ ನನ್ನ ಮೂಗಿಗೆ ಹಿಡಿದರು. ಡೀಸೆಲ್ ವಾಸನೆ. ಮಟ್ಟವೂ ಮೇಲಿನ ಗೆರೆ ದಾಟಿತ್ತು. ಎಂಜಿನ್ ಆಯಿಲ್ ತಾನಾಗಿ ಹೆಚ್ಚುತ್ತದೆಯೇ? ಡೀಸೆಲ್ ಎತ್ತುವ ಲಿಫ್ಟ್ ಪಂಪಿನ ಡಯಾಫ್ರಮ್ ಹರಿದು, ಡೀಸೆಲ್ ಕೆಳಗಿನ ಸಂಪಿಗೆ ಇಳಿದು ಆಯಿಲನ್ನು ನೀರು ಮಾಡಿತ್ತು. ಪ್ರವಾಹದ ತಪ್ಪೇ ಅಲ್ಲ, ಒಂದು ಹಳೆಯ ರಬ್ಬರಿನದು.

ಅವರ ಮಾತು ನನಗೆ ಡಿಪ್ಲೊಮಾದ ಪಾಠಕ್ಕಿಂತ ಚೆನ್ನಾಗಿ ತಿಳಿಯಿತು. ಪಂಪು ಮಾಡುವುದು ಹರಿವನ್ನು. ಬೇರಿಂಗಿನ ಕಿರಿದಾದ ಸಂದು ಆ ಹರಿವನ್ನು ತಡೆದಾಗ ಒತ್ತಡ ಹುಟ್ಟುತ್ತದೆ. ಎಣ್ಣೆ ತೆಳುವಾದರೆ ತಡೆ ಇಲ್ಲ. ಬೇರಿಂಗ್ ಸವೆದು ಸಂದು ಎರಡರಷ್ಟಾದರೆ ಸೋರಿಕೆ ಸುಮಾರು ಎಂಟರಷ್ಟು. ರಿಲೀಫ್ ವಾಲ್ವ್ ತೆರೆಯುವುದು ಒತ್ತಡ ಮಿತಿ ಮೀರಿದಾಗ. ಬಿಸಿ ಎಂಜಿನ್ನಿನಲ್ಲಿ ಒತ್ತಡ 10ಕ್ಕೆ ಬಿದ್ದಾಗ ಅದು ಮೊದಲೇ ಮುಚ್ಚಿರುತ್ತದೆ, ಸ್ಪ್ರಿಂಗ್ ಬಿಗಿ ಮಾಡಿ ಏನು ಪ್ರಯೋಜನ? ನನ್ನ ವಾಶರ್ ತಣ್ಣಗಿನ ಮುಳ್ಳನ್ನು ಮಾತ್ರ ಎತ್ತಿತ್ತು, ರೋಗವನ್ನು ಮುಚ್ಚಿತ್ತು.

ಆಮೇಲೆ ಕ್ರಮದಲ್ಲಿ ಹೋದೆವು. ಆಯಿಲಿನ ಮಟ್ಟ, ವಾಸನೆ, ಗ್ರೇಡು. ಹಳೆಯ ಮೀಟರನ್ನು ನಂಬದೆ ಬೇರೊಂದು ಮೆಕ್ಯಾನಿಕಲ್ ಗೇಜ್ ಹಾಕಿ, ಬಿಸಿಯಾದ ಮೇಲೆ ಓದುವುದು. ನಂತರ ಫಿಲ್ಟರ್, ರಿಲೀಫ್ ವಾಲ್ವ್. ಅದಾದ ಮೇಲೆ ಸಂಪ್ ಇಳಿಸಿ ಸ್ಟ್ರೇನರ್, ಪಂಪ್, ಬೇರಿಂಗ್. ಕನೆಕ್ಟಿಂಗ್ ರಾಡಿನ ಬೇರಿಂಗ್ ಶೆಲ್ಲುಗಳಲ್ಲಿ ಬೂದು ಪದರ ಹೋಗಿ ತಾಮ್ರ ಕಾಣುತ್ತಿತ್ತು. ನನ್ನ ಹತ್ತು ದಿನದ ಫಲ ಅದು. ಉದ್ಯಮನಗರದಲ್ಲಿ ಕ್ರ್ಯಾಂಕನ್ನು 10 ಥೌ ಅಂಡರ್‌ಸೈಜಿಗೆ ಗ್ರೈಂಡ್ ಮಾಡಿಸಿ, ಹೊಸ ಶೆಲ್, ಹೊಸ ಡಯಾಫ್ರಮ್, 15ಡಬ್ಲ್ಯೂ-40 ಆಯಿಲ್ ಹಾಕಿದೆವು. ವಾಶರನ್ನು ನಾನೇ ತೆಗೆದೆ. ಬಿಸಿಯಾಗಿ ಪೂರ್ಣ ವೇಗದಲ್ಲಿ ಮುಳ್ಳು 45ರಲ್ಲಿ ನಿಂತಿತು.

ಆ ರೈತರಿಗೆ ಹಣಕ್ಕಿಂತ ಹೆಚ್ಚಾಗಿ ಬಿತ್ತನೆಯ ದಿನಗಳು ನಷ್ಟವಾಗಿದ್ದವು. ಆ ಬಾಕಿಯನ್ನು ಯಾವ ಪುಟದಲ್ಲಿ ಬರೆಯಬೇಕೋ ಗೊತ್ತಿಲ್ಲ. ನನ್ನ ಹೆಸರಿನ ಪುಟ ತೀರಲು ಹನ್ನೊಂದು ತಿಂಗಳು ಹಿಡಿಯಿತು. ಉಪ್ಪ ಅಡ್ಡಗೆರೆ ಎಳೆದು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಮುಂದಿನ ಸಲ ಮೊದಲು ಮೂಸಿ ನೋಡು" ಅಂದರು. ಟ್ರ್ಯಾಕ್ಟರ್ ಈಗಲೂ ಅಂಗಡಿಯ ಮುಂದೆ ಹಾದುಹೋಗುತ್ತದೆ. ಆ ಅಜ್ಜ ಹಾರ್ನ್ ಹೊಡೆಯುತ್ತಾರೆ. ನಾನು ಕಿವಿಗೊಡುವುದು ಎಂಜಿನ್ನಿಗೆ.