ಶಾಸನೋಕ್ತ ಸ್ತ್ರೀ ಅಧಿಕಾರಿಗಳು: ಪ್ರಶಸ್ತಿ ಮತ್ತು ವ್ಯವಹಾರ

ಪ್ರಾಚೀನ ಕರ್ಣಾಟಕದಲ್ಲಿ ಸ್ತ್ರೀಯರು ನಾಡುಗಳನ್ನು ಆಳಿದರೆಂಬ ಸಂಗತಿ ಶಾಸನಾಭ್ಯಾಸಿಗಳಿಗೆ ಹೊಸದಲ್ಲ. ಆದರೆ ಆ ಆಳ್ವಿಕೆಯ ಸ್ವರೂಪವೇನೆಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಅರಸನು ತನ್ನ ರಾಣಿಗೋ ಸೋದರಿಗೋ ಕೆಲವು ಊರುಗಳ ಹುಟ್ಟುವಳಿಯನ್ನು ಬಿಟ್ಟುಕೊಡುತ್ತಿದ್ದನು, ಆಳ್ವಿಕೆಯೆಂಬ ಮಾತು ಬರಿಯ ಗೌರವಸೂಚಕವೆಂಬುದು ಒಂದು. ಬಿರುದಾವಳಿಯನ್ನು ಅಕ್ಷರಶಃ ನಂಬಿ, ಅವರನ್ನು ವೀರನಾರಿಯರೆಂದು ಕೊಂಡಾಡುವುದು ಇನ್ನೊಂದು. ಇವೆರಡಕ್ಕೂ ದೋಷವೊಂದೇ, ಎರಡೂ ಶಾಸನದ ಪ್ರಶಸ್ತಿಭಾಗದ ಮೇಲೆಯೇ ದೃಷ್ಟಿಯಿಟ್ಟಿವೆ. ಪ್ರಶಸ್ತಿಯು ಕವಿಯ ಕೃತಿ. ಅದರ ಅನಂತರ ಬರುವ ವ್ಯವಹಾರಭಾಗವು, ಎಂದರೆ ಯಾರು, ಯಾರ ಸಮ್ಮುಖದಲ್ಲಿ, ಯಾರಿಗೆ, ಏನನ್ನು ವಿಧಿಸಿದರೆಂಬ ಒಕ್ಕಣೆಯು, ಆಡಳಿತದ ದಾಖಲೆ. ಈ ಭಾಗವನ್ನು ಮುಂದಿಟ್ಟುಕೊಂಡು ಕೆಲವು ಶಾಸನಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ನಿದರ್ಶನವು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ದೊರೆತ, ಹತ್ತನೆಯ ಶತಮಾನದ ಆದಿಭಾಗದ ಶಾಸನದಲ್ಲಿದೆ. ರಾಷ್ಟ್ರಕೂಟರ ಅಧೀನದಲ್ಲಿದ್ದ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾದ ಸತ್ತರಸ ನಾಗಾರ್ಜುನನು ಮಡಿದಾಗ, ಆ ಅಧಿಕಾರವನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ಕೊಡಲಾಯಿತು. ಅವಳು ಹೆಣ್ಣಾಗಿದ್ದರೂ ನಾಡನ್ನು ದಕ್ಷತೆಯಿಂದ ಪಾಲಿಸಿದಳೆಂದು ಕವಿಯು ವಿಸ್ಮಯಪಡುತ್ತಾನೆ. ಆದರೆ ಅವಳನ್ನು ನೇಮಿಸಿದ ಪ್ರಭುತ್ವದ ನಡೆಯಲ್ಲಿ ಆ ವಿಸ್ಮಯ ಕಾಣುವುದಿಲ್ಲ. ನಾಳ್ಗಾವುಂಡನೆಂದರೆ ನಾಡಿನ ಮುಖಂಡ. ಊರುಗಳಿಗೂ ಮೇಲಧಿಕಾರಿಗಳಿಗೂ ನಡುವಣ ಕೊಂಡಿ. ಇಂಥ ಕೆಲಸವನ್ನು ವಿಧವೆಗೆ ಸಾಂತ್ವನಾರ್ಥವಾಗಿ ಕೊಡುವುದಾಗಿದ್ದರೆ ಭೂದಾನವೊಂದೇ ಸಾಕಾಗುತ್ತಿತ್ತು. ಮುಂದೆ ವ್ಯಾಧಿಪೀಡಿತಳಾದಾಗ ಅವಳು ತನ್ನ ಸಂಪತ್ತನ್ನು ಮಗಳಿಗೊಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಜೈನವ್ರತವನ್ನು ಕೈಗೊಂಡು ದೇಹತ್ಯಾಗ ಮಾಡಿದಳು.

ಎರಡನೆಯ ನಿದರ್ಶನವು ಕಲ್ಯಾಣದ ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯದು. ಇವಳು ಐದನೆಯ ವಿಕ್ರಮಾದಿತ್ಯನಿಗೂ ಎರಡನೆಯ ಜಯಸಿಂಹನಿಗೂ ಸೋದರಿ. 1010ರ ಸೂಡಿಯ ಶಾಸನದಲ್ಲಿಯೇ ಕಿಸುಕಾಡು ಎಪ್ಪತ್ತರ ಆಳ್ವಿಕೆ ಇವಳದಾಗಿದೆ. ಅಲ್ಲಿಂದ ಒಂದನೆಯ ಸೋಮೇಶ್ವರನ ಕಾಲದವರೆಗೆ, ನಾಲ್ವತ್ತು ವರ್ಷಗಳಿಗೂ ಮಿಕ್ಕಿ, ಇವಳ ಹೆಸರು ಶಾಸನಗಳಲ್ಲಿ ಬರುತ್ತದೆ. ಸಿಂಹಾಸನದಲ್ಲಿ ಅರಸರು ಬದಲಾದರೂ ಇವಳ ಅಧಿಕಾರವು ಮುಂದುವರಿಯಿತೆಂಬುದು ಗಮನಾರ್ಹ. ಗುಣದ ಬೆಡಂಗಿಯೆಂಬುದು ಇವಳ ಬಿರುದು. ಯುದ್ಧದಲ್ಲಿ ಭೈರವಿಯೆಂಬ ಹೋಲಿಕೆಯೂ ಉಂಟು. 1047ರಲ್ಲಿ ಇವಳು ಗೋಕಾಗೆಯ, ಎಂದರೆ ಈಗಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳೆಂದು ತಿಳಿದುಬರುವುದರಿಂದ ಆ ಹೋಲಿಕೆ ತೀರ ನಿರಾಧಾರವಲ್ಲ.

ಆದರೂ ಅಕ್ಕಾದೇವಿಯ ಯೋಗ್ಯತೆಯನ್ನು ಅಳೆಯಲು ಮುತ್ತಿಗೆಗಿಂತ ಉತ್ತಮವಾದ ಆಧಾರವು ಅದರ ಮೂರು ವರ್ಷಗಳ ಅನಂತರದ, 1050ರ, ಸೂಡಿಯ ಶಾಸನ. ಈಗಿನ ಗದಗ ಜಿಲ್ಲೆಯ ಸೂಡಿಯು ಅಂದು ವರ್ತಕರ ಪಟ್ಟಣವಾಗಿತ್ತು. ಅಲ್ಲಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹಿಂದಿನಿಂದ ನಡೆದುಬಂದ ಒಂದು ಕಟ್ಟುಪಾಡು ಇತ್ತು. ಚೋಳರೊಡನೆ ನಡೆದ ಯುದ್ಧದ ಸಂಕಟದಲ್ಲಿ ಅದು ಕೆಲಮಟ್ಟಿಗೆ ಮುರಿದುಬಿದ್ದಿತ್ತು. ಅಕ್ಕಾದೇವಿಯ ಏಳು ಮಂದಿ ಮಂತ್ರಿಗಳು ಕೂಡಿ ಆ ವ್ಯವಸ್ಥೆಯನ್ನು ಮರಳಿ ಸ್ಥಾಪಿಸಿಕೊಟ್ಟರು.

ಈ ಒಂದು ವ್ಯವಹಾರದಿಂದ ಮೂರು ಸಂಗತಿಗಳು ವಿದಿತವಾಗುತ್ತವೆ. ಅಕ್ಕಾದೇವಿಗೆ ತನ್ನದೇ ಆದ ಮಂತ್ರಿಮಂಡಲವಿತ್ತು. ಕೇವಲ ಹುಟ್ಟುವಳಿಯನ್ನು ಅನುಭವಿಸುವವಳಿಗೆ ಏಳು ಮಂದಿ ಮಂತ್ರಿಗಳ ಅಗತ್ಯವಿರಲಾರದು. ಎರಡನೆಯದಾಗಿ, ಅಧಿಕಾರವು ಒಬ್ಬರಲ್ಲಿಯೇ ಕೇಂದ್ರೀಕೃತವಾಗಿರದೆ ಮಂತ್ರಿಗಳಿಗೆ ಹಂಚಲ್ಪಟ್ಟಿತ್ತು. ಮೂರನೆಯದಾಗಿ, ಯುದ್ಧಾನಂತರದ ಪಟ್ಟಣವನ್ನು ನೇರವಾಗಿ ಅಧಿಕಾರಿಗಳ ವಶಕ್ಕೆ ತೆಗೆದುಕೊಳ್ಳುವ ಸುಲಭಮಾರ್ಗವನ್ನು ಬಿಟ್ಟು, ಅದರ ಸ್ವಯಮಾಡಳಿತಕ್ಕೇ ಮತ್ತೆ ಜೀವಕೊಡಲಾಯಿತು. ಒಡೆದ ಸಂಸ್ಥೆಯನ್ನು ಅದರ ಸದಸ್ಯರ ಕೈಯಲ್ಲಿಯೇ ಮರಳಿ ನಿಲ್ಲಿಸುವುದು ಆಡಳಿತಗಾರರ ವಿವೇಕಕ್ಕೆ ಕಠಿನವಾದ ಪರೀಕ್ಷೆ. ಪ್ರಶಸ್ತಿಕಾರನು ಕಂಡ ಭೈರವಿಗಿಂತ ಸೂಡಿಯ ಒಕ್ಕಲುಗಳು ಕಂಡ ಅಕ್ಕಾದೇವಿಯೇ ಇತಿಹಾಸಕಾರನಿಗೆ ಮುಖ್ಯಳು.

ಅವಳು ಅಪವಾದವಾಗಿರಲಿಲ್ಲವೆಂಬುದಕ್ಕೆ ಅದೇ ವಂಶದ ಇತರ ಶಾಸನಗಳು ಸಾಕ್ಷಿ. ಸೋಮೇಶ್ವರನ ರಾಣಿ ಮೈಲಲದೇವಿಯು 1053ರಲ್ಲಿ ಬನವಾಸಿ ಪನ್ನಿರ್ಛಾಸಿರವನ್ನೂ, ಇನ್ನೊಬ್ಬ ರಾಣಿ ಕೇತಲದೇವಿಯು 1054ರಲ್ಲಿ ಪೊನ್ನವಾಡದ ಅಗ್ರಹಾರವನ್ನೂ ಆಳುತ್ತಿದ್ದರು. ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿಯ ಆಡಳಿತದಲ್ಲಿ 1095ರಲ್ಲಿ ಹದಿನೆಂಟು ಅಗ್ರಹಾರಗಳಿದ್ದುವು. ಒಂದು ವಿಶಾಲ ಪ್ರಾಂತವನ್ನೂ ಒಂದು ಅಗ್ರಹಾರವನ್ನೂ ಆಳುವ ಕೆಲಸ ಒಂದೇ ಬಗೆಯದಲ್ಲವೆಂಬುದು ನಿಜ. ಆದುದರಿಂದ ಇವರೆಲ್ಲರ ಅಧಿಕಾರ ಸಮಾನವಾಗಿತ್ತೆಂದು ಹೇಳುವುದು ಯುಕ್ತವಲ್ಲ. ಆಯಾ ಶಾಸನದ ವ್ಯವಹಾರವನ್ನು ನೋಡಿ ಪ್ರತ್ಯೇಕವಾಗಿ ನಿರ್ಣಯಿಸಬೇಕು.

ಈ ಆಧಾರಗಳ ಮಿತಿಯನ್ನೂ ಹೇಳಲೇಬೇಕು. ಮೇಲೆ ಹೆಸರಿಸಿದವರೆಲ್ಲರೂ ಅರಸುಮನೆಗೆ ಸೇರಿದವರು, ಇಲ್ಲವೆ ಅಧಿಕಾರಿಯ ಪತ್ನಿ. ಹುಟ್ಟು ಅಥವಾ ವಿವಾಹವು ಬಾಗಿಲನ್ನು ತೆರೆಯದೆ ಸಾಮಾನ್ಯ ಒಕ್ಕಲಿನ ಹೆಣ್ಣುಮಗಳೊಬ್ಬಳು ನಾಡಿನ ಅಧಿಕಾರಕ್ಕೆ ಬಂದಳೆಂದು ಇವುಗಳಿಂದ ಸಾಧಿಸಲಾಗದು. ಅಂದಿನ ಸಮಾಜದಲ್ಲಿ ಸ್ತ್ರೀಪುರುಷ ಸಮಾನತೆ ನೆಲಸಿತ್ತೆಂದು ಹಿಗ್ಗುವುದಕ್ಕೆ ಇಲ್ಲಿ ಅವಕಾಶವಿಲ್ಲ. ಆದರೆ ಅಧಿಕಾರವು ಕೈಗೆ ಬಂದಾಗ ಅದನ್ನು ನಿರ್ವಹಿಸುವ ಸಾಮರ್ಥ್ಯವು ಹೆಣ್ಣಿಗೆ ಇದೆಯೇ ಎಂಬ ಸಂದೇಹಕ್ಕೆ ಸೂಡಿಯ ಶಾಸನವು ಸುಮಾರು ಸಾವಿರ ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಆ ಉತ್ತರವಿರುವುದು ಬಿರುದುಗಳಲ್ಲಲ್ಲ. ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಮರಳಿ ದೊರೆತ ಕಟ್ಟುಪಾಡಿನಲ್ಲಿ. ನಮ್ಮ ಶಾಸನಸಂಪುಟಗಳಲ್ಲಿ ದಾನವಿವರವೆಂದು ದಾಟಿಹೋಗುವ ಸಾಲುಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದುವುದು ಅವಶ್ಯ.