ಸುರಿದ ಮಣ್ಣಿನ ಮೇಲೊಂದು ಊರು



ರಾತ್ರಿ ಹನ್ನೊಂದರ ಮೇಲೆ ನಮ್ಮ ಹೈವೇಗಳಲ್ಲಿ ಓಡಾಡುವವರಿಗೆ ಡಂಪರ್‌ಗಳ ಸಾಲು ಹೊಸದೇನಲ್ಲ. ಮೇಲೆ ತಾಡಪತ್ರಿ, ಹಿಂಬದಿಯ ಸಂದಿನಿಂದ ಸೋರುವ ಕೆಸರು. ಮುಂಬೈಕರರ ಬಾಯಲ್ಲಿ ಮಣ್ಣು ಹೊರುವ ಲಾರಿಗಳೆಲ್ಲ ಡಂಪರ್‌ಗಳೇ. ಅದರೊಳಗಿನ ಒಡಕು ಇಟ್ಟಿಗೆ, ಸಿಮೆಂಟು ಚೂರುಗಳಿಗೆ ಕಂಟ್ರಾಕ್ಟರರು ಇಟ್ಟ ಹೆಸರು ‘ರಾಬಿಟ್’. ಮೊದಲ ಸಲ ಕೇಳಿದವರಿಗೆ ಮೊಲ ಸಾಗಿಸುತ್ತಿದ್ದಾರೇನೋ ಅನ್ನಿಸಬೇಕು!

ಈ ಊರು ನಿಂತಿರುವುದೇ ಹೀಗೆ ಹೊತ್ತು ತಂದು ಸುರಿದ ಮಣ್ಣಿನ ಮೇಲೆ. ಏಳು ದ್ವೀಪಗಳು ಒಂದಾದ ಕತೆ ನಮಗೆಲ್ಲ ಗೊತ್ತು. ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ, ಅಂದರೆ 1780ರ ದಶಕದಲ್ಲಿ, ಮಹಾಲಕ್ಷ್ಮಿ ಮತ್ತು ವರ್ಲಿಯ ನಡುವೆ ಸಮುದ್ರ ನುಗ್ಗುತ್ತಿದ್ದ ಬಾಯಿಗೆ ಕಟ್ಟೆ ಕಟ್ಟಿದರು. ಕತೆ ಹೇಳುವವರು ಗವರ್ನರನ ಹಟವನ್ನು ಹೇಳುತ್ತಾರೆ, ದೇವಿಯ ಕನಸನ್ನು ಹೇಳುತ್ತಾರೆ. ಆದರೆ ಆ ಕಲ್ಲು, ಮಣ್ಣು ಅಲ್ಲಿಗೆ ಹೇಗೆ ಬಂತು? ಲಾರಿಯಿಲ್ಲ, ರೈಲಿಲ್ಲ. ಬುಟ್ಟಿ, ತಲೆ, ಎತ್ತಿನ ಗಾಡಿ, ದೋಣಿ ಇಷ್ಟೇ.

ಮಣ್ಣಿನ ಕೆಲಸದಲ್ಲಿ ಅಗೆಯುವುದೇ ಕಷ್ಟ ಎಂದು ನಾವು ಭಾವಿಸುತ್ತೇವೆ. ಈ ಊರಿನ ಚರಿತ್ರೆ ನೋಡಿದರೆ ಅಗೆಯುವುದಕ್ಕಿಂತ ಕಷ್ಟವಾದದ್ದು ಹೊರುವುದು, ಹೊರುವುದಕ್ಕಿಂತ ಕಷ್ಟವಾದದ್ದು ಸರಿಯಾದ ಜಾಗದಲ್ಲಿ ಸುರಿಯುವುದು ಎಂದೇ ನನಗನ್ನಿಸುತ್ತದೆ.

ಹೊರುವ ಕೆಲಸವನ್ನೇ ಕಸುಬಾಗಿ ಮಾಡಿಕೊಂಡವರಲ್ಲಿ ನಮ್ಮ ಭೋವಿ ಸಮುದಾಯದವರು ಮುಖ್ಯರು. ಕಲ್ಲು, ಮಣ್ಣು, ಬಂಡಿ ಎಂದು ಅವರ ಪಂಗಡಗಳ ಹೆಸರಲ್ಲೇ ಕೆಲಸವಿದೆ. ಮಹಾರಾಷ್ಟ್ರಕ್ಕೆ ಬಂದರೆ ಅವರೇ ಗಾಡಿ ವಡಾರ, ಮಾತಿ ವಡಾರ. ಹತ್ತೊಂಬತ್ತನೆಯ ಶತಮಾನದ ರೈಲುಮಾರ್ಗಗಳ ಮಣ್ಣುಕೆಲಸದಲ್ಲಿ ಇವರ ಹೆಸರು ದಾಖಲಾಗಿದೆ. ಗಂಡಸರು ಅಗೆದರೆ ಹೆಂಗಸರು, ಮಕ್ಕಳು ಹೊರುತ್ತಿದ್ದರು. ಕೂಲಿ ದಿನದ ಲೆಕ್ಕದಲ್ಲಲ್ಲ, ಅಗೆದ ಗುಂಡಿಯ ಅಳತೆಯ ಲೆಕ್ಕದಲ್ಲಿ. ಇವರು ಗುರುವೆಂದು ನಂಬುವುದು ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮನನ್ನು. ಸೊನ್ನಲಿಗೆ ಎಂದರೆ ಈಗಿನ ಸೋಲಾಪುರ. ನಮ್ಮ ಮುಂಬೈ ರೈಲುಗಳು ಹಾದುಹೋಗುವ ಊರೇ. ಸಿದ್ಧರಾಮ ಅಲ್ಲಿ ಕೆರೆ ತೋಡಿಸುತ್ತಿದ್ದಾಗ ಬಂದ ಅಲ್ಲಮಪ್ರಭು ಅವನನ್ನು ‘ಒಡ್ಡರಾಮ’ ಎಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಬಿ.ಎ. ತರಗತಿಯಲ್ಲಿ ಅದನ್ನು ತತ್ತ್ವವಾಗಿ ಓದಿದ್ದೆವು. ಮಣ್ಣು ಹೊತ್ತವರ ಕಿವಿಯಿಂದ ಕೇಳಿದರೆ ಆ ಮಾತು ಬೇರೆಯೇ ಆಗುತ್ತದೆ.

ಮುಂಬೈಗೆ ಯಂತ್ರದ ಗಾಳಿ ಬೀಸಿದ್ದು ಡಾಕ್‌ಗಳ ಕಾಲದಲ್ಲಿ. ಈಗ ಇಂದಿರಾ ಡಾಕ್ ಎನ್ನುವ ಅಲೆಕ್ಸಾಂಡ್ರಾ ಡಾಕ್ 1914ರಲ್ಲಿ ತೆರೆಯಿತು. ಅದಕ್ಕಾಗಿ ಅಗೆದ ಮಣ್ಣನ್ನು ಪಕ್ಕದಲ್ಲೇ ಸುರಿದಾಗ ಹುಟ್ಟಿದ್ದು ಬಲ್ಲಾರ್ಡ್ ಎಸ್ಟೇಟ್, ಸುಮಾರು 22 ಎಕರೆ. ಗುಂಡಿಯೂ ಲಾಭ, ಗುಡ್ಡೆಯೂ ಲಾಭ. ಆ ಕಾಲದಲ್ಲಿ ಜಗತ್ತಿನ ದೊಡ್ಡ ಕಾಮಗಾರಿಗಳಲ್ಲೆಲ್ಲ ಸಣ್ಣ ಹಳಿಯ ಮೇಲೆ ಪಕ್ಕಕ್ಕೆ ಮಗುಚುವ ಕಬ್ಬಿಣದ ತೊಟ್ಟಿಗಳು ಓಡುತ್ತಿದ್ದವು. ಒಬ್ಬ ಆಳು ಚಿಲಕ ತೆಗೆದು ತಳ್ಳಿದರೆ ಸಾಕು, ಹೊರೆ ಕೆಳಗೆ. ಇವತ್ತಿನ ಡಂಪರ್‌ನ ಅಜ್ಜ ಅದೇ.

ಸುರಿಯುವುದರಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಕ್‌ಬೇ ಸಾಕ್ಷಿ. ಗವರ್ನರ್ ಜಾರ್ಜ್ ಲಾಯ್ಡ್ 1920ರ ಸುಮಾರಿಗೆ 1145 ಎಕರೆ ಸಮುದ್ರ ತುಂಬಲು ಹೊರಟ. ಗೋಡೆಯ ಕಲ್ಲು ಕಾಂದಿವಲಿಯ ಕ್ವಾರಿಯಿಂದ ರೈಲಿನಲ್ಲಿ ಬಂತು. ತುಂಬುವ ಕೆಸರನ್ನು ಬಂದರಿನ ತಳದಿಂದ ಡ್ರೆಜರ್ ಹಡಗು ಎತ್ತಿ ಕೊಳವೆಯಲ್ಲಿ ತಳ್ಳಬೇಕು ಎಂಬುದು ಯೋಜನೆ; ಹಡಗಿಗೂ ಲಾಯ್ಡನದೇ ಹೆಸರು. ಅಂದಾಜು ಮಾಡಿದಷ್ಟು ಕೆಸರು ಬರಲಿಲ್ಲ. ಬಂದದ್ದೂ ಗೋಡೆಯ ಸಂದುಗಳಿಂದ ಸಮುದ್ರಕ್ಕೇ ಸೋರಿತು. ಖರ್ಚು ಮಾತ್ರ ಏರುತ್ತಲೇ ಹೋಯಿತು. ಪಾರ್ಸಿ ವಕೀಲ ಖುರ್ಷಿದ್ ನರೀಮನ್ ಇದನ್ನು ಬಯಲಿಗೆಳೆದರು. ಹಾರ್ವೆ ಎಂಬ ಅಧಿಕಾರಿ ಹೂಡಿದ ಮಾನನಷ್ಟ ಮೊಕದ್ದಮೆಯನ್ನೂ ಎದುರಿಸಿ ಗೆದ್ದರು. 1926ರಲ್ಲಿ ವಿಚಾರಣಾ ಸಮಿತಿಯೂ ಕೂತಿತು. ಜನ ಆ ಯೋಜನೆಯನ್ನು ‘ಲಾಯ್ಡನ ಹುಚ್ಚಾಟ’ ಎಂದೇ ಕರೆದರು. ಕೊನೆಗೆ ದಕ್ಕಿದ್ದು ಸುಮಾರು 440 ಎಕರೆ. ನಮ್ಮ ಮರೀನ್ ಡ್ರೈವ್ ಅದರ ಫಲ. ಚರ್ಚ್‌ಗೇಟ್ ಕಡೆಯ ಆಕಾಶವಾಣಿ ಭವನದ ವಿಳಾಸದಲ್ಲೂ ಬ್ಯಾಕ್‌ಬೇ ರೆಕ್ಲಮೇಷನ್ ಎಂದೇ ಇದೆ. ತಮಾಷೆಯೆಂದರೆ, ಸ್ವಾತಂತ್ರ್ಯಾನಂತರ ಸರಕಾರ ಅದೇ ಕೊಲ್ಲಿಯ ಇನ್ನೊಂದು ಭಾಗವನ್ನು ತುಂಬಿಸಿ, ತುಂಬುವ ಹಗರಣದ ವಿರುದ್ಧ ಹೋರಾಡಿದವರ ಹೆಸರನ್ನೇ ಅದಕ್ಕಿಟ್ಟಿತು: ನರೀಮನ್ ಪಾಯಿಂಟ್.

ಈಗ ಸ್ವಲ್ಪ ದೂರ, ಸ್ವೀಡನ್ ದೇಶಕ್ಕೆ ಹೋಗಿಬರೋಣ. ಹಸಿ ನೆಲದಲ್ಲಿ ಲಾರಿ ಹೂತುಹೋಗುವ ಕಷ್ಟ ಅಲ್ಲೂ ಇತ್ತು. ಬ್ರೋಸ್ ಎಂಬ ಊರಿನವರು ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನು ತೆಗೆದು, ಹಿಂದೆ ಟ್ರೇಲರನ್ನು ಕೀಲಿನಿಂದ ಜೋಡಿಸಿ, ಟ್ರೇಲರಿನ ಗಾಲಿಗಳಿಗೂ ಎಂಜಿನ್ನಿನ ಬಲ ಕೊಟ್ಟರು. 1966ರಲ್ಲಿ ವೋಲ್ವೊ ಅದನ್ನು ಮಾರುಕಟ್ಟೆಗೆ ತಂದಿತು. ಅಡ್ಡಹೆಸರು ‘ಗ್ರೂಸ್ ಕಲ್ಲೆ’, ನಮ್ಮ ಮಾತಲ್ಲಿ ಜಲ್ಲಿ ಕಾಳಣ್ಣ ಎನ್ನಬಹುದೇನೋ. ಇದು ಸೊಂಟದಲ್ಲಿ ಬಳುಕುವ ಗಾಡಿ. ಮುಂದಿನ ಭಾಗ ಒಂದು ಕಡೆ ವಾಲಿದರೂ ಹಿಂದಿನದು ನೆಟ್ಟಗಿರುತ್ತದೆ, ಎಲ್ಲ ಗಾಲಿಗಳೂ ನೆಲ ಬಿಡುವುದಿಲ್ಲ.

ಆದರೂ ಸುರಿಯುವ ಹೊತ್ತಿನ ಅಪಾಯ ಉಳಿದೇ ಇತ್ತು. ತೊಟ್ಟಿ ಮೇಲೆದ್ದಾಗ ಭಾರವೂ ಮೇಲೇರುತ್ತದೆ. ಹೊಸದಾಗಿ ತುಂಬಿದ ಸಡಿಲ ನೆಲದ ಅಂಚಿನಲ್ಲಿ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಮೇಲೆ ವಿದ್ಯುತ್ ತಂತಿಯಿದ್ದರೆ ಡ್ರೈವರನ ಜೀವಕ್ಕೇ ಕುತ್ತು. ಇದಕ್ಕೆ ಕಂಡುಕೊಂಡ ಉಪಾಯ ತೊಟ್ಟಿಯನ್ನು ಎತ್ತದೆಯೇ ಸುರಿಯುವ ಟ್ರೇಲರು. ಒಳಗಿನ ಒಂದು ಹಲಗೆಯನ್ನು ಹೈಡ್ರಾಲಿಕ್ ದಂಡ ಹಿಂದಕ್ಕೆ ತಳ್ಳುತ್ತದೆ; ಶ್ಯಾವಿಗೆ ಒರಳಿನಲ್ಲಿ ಹಿಟ್ಟನ್ನು ಒತ್ತಿದಂತೆ ಮಣ್ಣು ಹೊರಬೀಳುತ್ತದೆ. ಗಾಡಿ ಮುಂದೆ ಚಲಿಸುತ್ತಲೇ ಮಣ್ಣನ್ನು ಪದರವಾಗಿ ಹಾಸಬಹುದು. ಕೆಲವು ಟ್ರೇಲರುಗಳಲ್ಲಿ ತಳವೇ ತೆರೆದುಕೊಳ್ಳುತ್ತದೆ.

ಇಂಥ ಬಳುಕುವ ಗಾಡಿ ನಮ್ಮ ಬೀದಿಗೆ ಬರುವಂಥದ್ದಲ್ಲ, ಅದರ ಮೈ ಅಗಲ ಬಿಡುವುದಿಲ್ಲ. ಅದರ ಜಾಗ ಗಣಿ, ಅಣೆಕಟ್ಟು, ದೊಡ್ಡ ಕಾಮಗಾರಿಗಳ ಒಳಗೆ. ಗಣಿಯ ದೊಡ್ಡ ಡಂಪರ್ ಎಂದರೆ ನಾವು ಕನ್ನಡಿಗರು ನೆನೆಯಬೇಕಾದದ್ದು 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯನ್ನು. ಬುಲ್‌ಡೋಜರ್ ಕೋಲಾರದ ಕೆ.ಜಿ.ಎಫ್.ನಲ್ಲಿ, ಡಂಪರ್ ಮೈಸೂರಿನಲ್ಲಿ ತಯಾರಾಗುತ್ತದೆ. ದಹಿಸರ್, ಅಂಧೇರಿ ಕಡೆ 2022ರಿಂದ ಓಡುತ್ತಿರುವ ಮೆಟ್ರೋ ಗಾಡಿಗಳೂ ಅದೇ ಸಂಸ್ಥೆಯ ಬೆಂಗಳೂರು ಕಾರ್ಖಾನೆಯವು.

ಈಚಿನ ವರ್ಷಗಳಲ್ಲಿ ಇಲ್ಲಿ ಸುರಿದದ್ದು, ಅಗೆದದ್ದು ಕಡಿಮೆಯೇನಲ್ಲ. ಕೋಸ್ಟಲ್ ರೋಡಿಗೆ 111 ಹೆಕ್ಟೇರ್ ಸಮುದ್ರ ತುಂಬಿಸಿದರು. ಕೊಲಾಬಾದಿಂದ ಆರೆಯವರೆಗೆ ನೆಲದಡಿಯ ಮೆಟ್ರೋಗೆ 33.5 ಕಿ.ಮೀ. ಕೊರೆದರು. ನವಿ ಮುಂಬೈ ವಿಮಾನ ನಿಲ್ದಾಣಕ್ಕಾಗಿ 90 ಮೀಟರಿಗೂ ಎತ್ತರದ ಉಲ್ವೆ ಗುಡ್ಡವನ್ನು ಸಿಡಿಸಿ, ಆ ಕಲ್ಲುಮಣ್ಣಿನಿಂದಲೇ ತಗ್ಗು ತುಂಬಿದರು. ಹತ್ತು ಹಳ್ಳಿಗಳು ಜಾಗ ಬಿಟ್ಟವು. 2025ರ ಡಿಸೆಂಬರಿನಲ್ಲಿ ಅಲ್ಲಿಂದ ವಿಮಾನ ಹಾರಿತು.

ಇವೆಲ್ಲ ನಕ್ಷೆ, ಅನುಮತಿ, ಲೆಕ್ಕ ಇರುವ ಸುರಿತ. ಲೆಕ್ಕವಿಲ್ಲದ್ದೂ ಇದೆ. ಬುಟ್ಟಿ ಹೊತ್ತು ಖಾಡಿಯೊಂದನ್ನು ಮುಚ್ಚಲು ವರ್ಷಗಳು ಬೇಕಿದ್ದವು. ಡಂಪರಿನವನಿಗೆ ಎರಡು ನಿಮಿಷ, ಒಂದು ಸನ್ನೆಗೋಲು. ಹೀಗೆ ಕತ್ತಲಲ್ಲಿ ಖಾಡಿಯಂಚಿನ ಮ್ಯಾಂಗ್ರೋವ್ ಗಿಡಗಳ ಮೇಲೆ ಬಿದ್ದ ರಾಬಿಟ್ ನೀರಿನ ದಾರಿ ಕಟ್ಟುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಮೀಠಿ ನದಿಯ ನೀರು ಮನೆಗಳಿಗೆ ನುಗ್ಗಿದ್ದಕ್ಕೆ ಮಳೆಯೊಂದೇ ಕಾರಣವಲ್ಲ, ಹೂತು ಕಿರಿದಾದ ನದಿಯೂ ಕಾರಣ. ಬಾಂಬೆ ಹೈಕೋರ್ಟು 2018ರಲ್ಲಿ ಮ್ಯಾಂಗ್ರೋವ್ ನಾಶ ಜನರ ಮೂಲಭೂತ ಹಕ್ಕಿಗೇ ಧಕ್ಕೆ ಎಂದು ಹೇಳಿತು.

ಇಷ್ಟೆಲ್ಲ ಯಂತ್ರ ಬಂದ ಮೇಲೂ ಬುಟ್ಟಿ ಹೋಗಿಲ್ಲ, ಕೇಳುಗರೇ. ಧಾರಾವಿಯಂಥ ಕಡೆ ಮನೆ ಒಡೆದು ಕಟ್ಟುವಾಗ ಡಂಪರ್ ಗಲ್ಲಿಯ ಬಾಯಲ್ಲೇ ನಿಲ್ಲಬೇಕು. ಒಳಗಿನಿಂದ ಅಲ್ಲಿಯವರೆಗೆ ರಾಬಿಟ್ ಬರುವುದು ಘಮೇಲಾದಲ್ಲಿ, ತಲೆಯ ಮೇಲೆ. ಬೆಳಗ್ಗೆ ಕೂಲಿ ನಾಕಾದಲ್ಲಿ ಆ ಕೆಲಸಕ್ಕೆ ಕಾದು ನಿಂತವರ ಮಾತಿಗೆ ಕಿವಿಗೊಟ್ಟರೆ ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ ಕೇಳಿಸುತ್ತದೆ.